ಹಿಂದಿನ ಗಾಜಿನ ಮೇಲಿನ ಹೆಸರು

ಕೋತಗಿರಿ
ಡಿಸೆಂಬರ್ ೧೪, ೨೦೦೯

ನನ್ನ ಮುದ್ದಿನ ಪೂಂಗೊಡಿಗೆ,

ನಿನ್ನ ಸೋದರಮಾವ ಪೊನ್ನುರಂಗನ ತುಂಬು ಆಶೀರ್ವಾದ. ‘ಆ ಬಿಳಿ ಕಾರು ಕೊಳ್ಳಬಹುದಾ ಬೇಡವಾ, ಹೆರಿಗೆಗೆ ಮುಂಚೆ ಹೇಳಿ ಮಾಮಾ’ ಅಂತ ನೀನು ಬರೆದು ಎಷ್ಟೋ ದಿನವಾಯಿತು. ಬಸುರಿಯನ್ನು ಕಾಯಿಸಬಾರದಿತ್ತು, ಕೋಪಿಸಿಕೊಳ್ಳಬೇಡ. ಐದನೇ ಕ್ಲಾಸಿನಲ್ಲಿ ಮೇಷ್ಟ್ರು ನನ್ನನ್ನು ಹೊರಗೆ ದಬ್ಬಿದ್ದು ಈ ನೀಲಗಿರಿಯ ಗಾಡಿಗಳ ಪುಣ್ಯ. ನಾನು ಮುಟ್ಟಿ ನೋಡದೆ ಇಲ್ಲಿ ಒಂದು ಹಳೇ ಕಾರೂ ಕೈ ಬದಲಾಯಿಸುವುದಿಲ್ಲ!

ಮಾರುವವನು ಅಂದೋಣಿ, ಟೀ ಫ್ಯಾಕ್ಟರಿಯಲ್ಲಿ ತೂಕ ನೋಡುತ್ತಿದ್ದವನು. ಕಣ್ಣಿಗೆ ಪೊರೆ ಬಂದು ಓಡಿಸಲಾಗುತ್ತಿಲ್ಲ. ಬೆಳಗ್ಗೆಯೇ ಹೋದೆ. ಬಿಸಿ ಇಂಜಿನ್ ಸುಳ್ಳು ಹೇಳುತ್ತದೆ, ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಬೇಕು. ನೀಲಿ ಹೊಗೆ ಇಲ್ಲ, ಆಯಿಲ್ ಸುಡುತ್ತಿಲ್ಲ. ಆಯಿಲ್ ಮುಚ್ಚಳದೊಳಗೆ ಕೆನೆಯಂಥದ್ದಿಲ್ಲ, ನೀರು ಸೇರಿಲ್ಲ. ಕ್ಲಚ್ಚು ಜಾರುತ್ತಿಲ್ಲ. ಕಾಲುಚಾಪೆಯ ಅಡಿಯಲ್ಲಿ ತುಕ್ಕಿಲ್ಲ. ಬಂಗಾರದಂಥ ಗಾಡಿ.

ಹಿಂದಿನ ಗಾಜಿನ ಮೇಲೆ ಮಾತ್ರ ‘ಜೆನಿಫಾ’ ಅಂತ ಹೆಸರು ಅಂಟಿಸಿತ್ತು. ನಮ್ಮ ಕಡೆ ಮಕ್ಕಳ ಹೆಸರಿಲ್ಲದ ಗಾಜುಂಟೇ? ಕೊಳ್ಳುವವರ ಕಣ್ಣಿಗೆ ಬೇರೆಯವರ ಮಗುವಿನ ಹೆಸರು ಬೀಳಬಾರದೆಂದು ನಾವು ದಲ್ಲಾಳಿಗಳು ಮೊದಲು ಅದನ್ನು ತೆಗೆಯುತ್ತೇವೆ. ಅಂದೋಣಿ ಟೀ ತರಲು ಒಳಗೆ ಹೋದಾಗ ಬ್ಲೇಡಿನಿಂದ ಕೆರೆದುಬಿಟ್ಟೆ.

ಬಂದವನ ಕೈಯಿಂದ ಲೋಟ ಜಾರಿತು. “ಏನಣ್ಣಾ ಮಾಡ್ಬಿಟ್ಟೆ! ಒಂದ್ ಮಾತು ಕೇಳ್ಬಾರ್ದಿತ್ತಾ?”

“ಹೋಗಿದ್ದು ಹೆಸರು ತಾನೇ? ಗಾಡಿ ಇಲ್ಲೇ ಇದ್ಯಲ್ಲಪ್ಪಾ.”

“ತಾಯಿಲ್ದೆ ಬೆಳೆದ ಕೂಸು, ನನ್ ಮಗಳು. ಜ್ವರ ಬಂದು ಅದೂ ಹೋಯ್ತು. ಹೆಸರು ಇರೋವರ್ಗೂ ತನ್ನ ಗಾಡಿ ಅಂತ ಸುಮ್ನಿದ್ಲಣ್ಣಾ.”

ನಾನು ನಕ್ಕೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಘಾಟಿ ಇಳಿದೆ. ಒಂದು ತಿರುವಿನಲ್ಲಿ ಕಾರು ಹಿಂಬದಿಯ ಎಡಗಡೆಗೆ ಮೆಲ್ಲಗೆ ಕುಸಿಯಿತು, ಯಾರೋ ಹತ್ತಿ ಕೂತಂತೆ. ‘ಸ್ಪ್ರಿಂಗ್ ಹೋಗಿದೆ’ ಅಂತ ಇಳಿದು ಅಡಿಗೆ ನುಸುಳಿದೆ. ಸ್ಪ್ರಿಂಗ್ ಹೊಸದು! ಮತ್ತೆ ಹೊರಟಾಗ ಗಾಜಿಗೆಲ್ಲ ಒಳಗಿನಿಂದ ಮಂಜು ಕಟ್ಟಿತು. ಹೀಟರ್ ಸೋರಿದರೆ ಹೀಗಾಗುತ್ತದೆ, ಸಿಹಿ ವಾಸನೆ ಬರುತ್ತದೆ. ಮೂಸಿದೆ, ಬರಲಿಲ್ಲ. ಮುಟ್ಟಿದೆ, ಚಾಪೆ ಒಣಗಿತ್ತು. ತಲೆಯೆತ್ತಿ ಕನ್ನಡಿ ನೋಡಿದರೆ, ಹಿಂದಿನ ಗಾಜಿನ ಮಂಜಿನಲ್ಲಿ ಒಂದೊಂದೇ ಅಕ್ಷರ ಮೂಡುತ್ತಿತ್ತು. ಸೊಟ್ಟಗೆ, ಗಾಜಿನ ತೀರಾ ಕೆಳಗೆ, ಪುಟ್ಟ ಕೈ ಎಟುಕುವಷ್ಟರಲ್ಲಿ.

“ತಿರುಗ್ಬೇಡಣ್ಣಾ,” ಅಂದೋಣಿ ಪಿಸುಗುಟ್ಟಿದ, “ಬರೀವಾಗ ನೋಡಿದ್ರೆ ನಾಚ್ಕೊಳ್ತಾಳೆ.”

ಇಷ್ಟು ದೊಡ್ಡ ಬಾಯಿಯವನು ನಾನು, ಕನ್ನಡಿಯನ್ನು ಮೇಲಕ್ಕೆ ತಿರುಗಿಸಿ ಊರು ಮುಟ್ಟುವವರೆಗೆ ರಸ್ತೆಯನ್ನೇ ನೋಡಿದೆ ಮಗಳೇ.

ಆ ಕಾರು ನಿನಗೆ ಬೇಡ. ನಿಜವಾದ ಕಾರಣ ಹೇಳಿದರೆ ನಿನ್ನ ಗಂಡ ‘ಏನ್ ಮಾಮಾ, ದೆವ್ವಕ್ಕೂ ಲೈಸೆನ್ಸ್ ಕೊಡಿಸಿದ್ರಾ?’ ಅಂತ ಆಡಿಕೊಳ್ಳುತ್ತಾನೆ. ಹೀಟರ್ ಸೋರುತ್ತದೆ ಅಂತಲೇ ಹೇಳು. ಕುನ್ನೂರಿನಲ್ಲಿ ಒಂದು ಕೆಂಪು ಕಾರು ನೋಡಿಟ್ಟಿದ್ದೇನೆ. ಹಾರ್ನಿಗೆ ಗಂಟಲು ಕಟ್ಟಿದೆ, ಬ್ರೇಕು ಭದ್ರವಾಗಿದೆ. ನಿನ್ನನ್ನೂ ಒಳಗಿನ ಪುಟ್ಟ ಜೀವವನ್ನೂ ಮುರುಗಸ್ವಾಮಿ ಸುಖವಾಗಿ ಹೆರಿಗೆ ಮಾಡಿಸಿ ನಮ್ಮ ಕೈಗಿಡಲಿ.

ನಿನ್ನ ಮಾಮ,
ಪೊನ್ನುರಂಗ

ಮತ್ತೊಂದು ಮಾತು: ಆ ಬಿಳಿ ಕಾರನ್ನು ನಾನೇ ಕೊಂಡೆ. ನಮ್ಮ ಮಗಳು ಕಯಲ್ ತೀರಿಕೊಂಡ ಮೇಲೆ ನನ್ನವಳು, ನಿನ್ನ ಅತ್ತೆ, ಹೊಸ್ತಿಲು ದಾಟಿರಲಿಲ್ಲ, ನಿನಗೆ ಗೊತ್ತು. ಈ ಕಥೆ ಕೇಳಿದ ಮರುದಿನ ಒಳ್ಳೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. “ಅದು ನಮ್ ಮಗು ಅಲ್ಲ ಕಣೇ” ಅಂದೆ. “ನಂಗ್ ಗೊತ್ತಿಲ್ವಾ? ಅದಕ್ಕೊಬ್ಳು ಅಮ್ಮ ಬೇಡ್ವಾ?” ಅಂದಳು. ಈಗ ದಿನವೂ ಹಿಂದಿನ ಸೀಟಿನಲ್ಲೇ ಕೂರುತ್ತಾಳೆ. ವರ್ಕಿ ಬಿಸ್ಕತ್ತು ಮುರಿದು ಅರ್ಧ ಪಕ್ಕದಲ್ಲಿಡುತ್ತಾಳೆ. ಮನೆಗೆ ಬರುವಷ್ಟರಲ್ಲಿ ಅಲ್ಲಿ ಪುಡಿ ಮಾತ್ರ ಉಳಿದಿರುತ್ತದೆ. ಹಳೇ ಗಾಡಿಯಲ್ಲಿ ಇಲಿ ಸೇರುವುದು ಮಾಮೂಲು ಅಂತ ನಾನು ವಾದಿಸುತ್ತೇನೆ. ಬೋನು ಮಾತ್ರ ಇಟ್ಟಿಲ್ಲ.