ಒಂದೇ ನಗುವಿನ ಗೊಂಬೆಗಳು

ಶನಿವಾರ, ಸಂಜೆ

ಅಕ್ಕಾ,

ನೀನು ಚೆನ್ನಾಗಿದ್ದೀಯ ಎಂದುಕೊಂಡೇ ಶುರು ಮಾಡುತ್ತೇನೆ. ಇಲ್ಲದಿದ್ದರೂ ನೀನು ಬಾಯಿಬಿಟ್ಟು ಹೇಳುವವಳಲ್ಲ, ನಮ್ಮ ಮನೆಯವರ ಗುಣವೇ ಅದು. ಇಲ್ಲಿ ನಾನು ಚೆನ್ನಾಗಿದ್ದೇನೆ. ಅಮ್ಮನೂ ಚೆನ್ನಾಗಿದ್ದಾಳೆ, ನಿನ್ನನ್ನು ಕೇಳುತ್ತಿರುತ್ತಾಳೆ.

ಕೆಲಸದ ವಿಷಯ ಮಾತ್ರ ಸ್ವಲ್ಪ ಕೆಟ್ಟಿದೆ. ಬಟ್ಟೆ ಗೊಂಬೆಗಳಿಗೆ ಹೊಸ ಹೊಸ ಮುಖ ಹುಟ್ಟಿಸುವುದು ನನ್ನ ಪಾಲಿನ ಕೆಲಸ ಎಂದು ನಿನಗೆ ಗೊತ್ತೇ ಇದೆ. ಮೇಜಿನ ಮೇಲಿನ ಪುಟ್ಟ ಕನ್ನಡಿಯಲ್ಲಿ ಮುಖ ಸೊಟ್ಟ ಮಾಡಿಕೊಂಡು, ಹುಬ್ಬೇರಿಸಿ, ಸಿಕ್ಕಿದ್ದನ್ನು ದಾರದಲ್ಲಿ ಹಿಡಿಯುತ್ತೇನೆ. ಮೊದಲೆಲ್ಲ ತುಂಟ, ಪೆದ್ದ, ಜಂಬಗಾತಿ ಎಲ್ಲರೂ ಬರುತ್ತಿದ್ದರು. ಹೋದ ವರ್ಷ ಅಂಗಡಿಗೂ ನಾವು ಹೊಲಿಯುವ ಕೋಣೆಗೂ ನಡುವೆ ಗಾಜಿನ ಗೋಡೆ ಬಂತು, ಗಿರಾಕಿಗಳು ನಿಂತು ನೋಡಲಿ ಎಂದು. ಅಂದಿನಿಂದ ಮೇಡಂ ಅವರದು ಒಂದೇ ರಾಗ. ಮನೆಯ ತಾಪತ್ರಯವನ್ನು ಕೊಡೆಯ ಜೊತೆ ಬಾಗಿಲಲ್ಲೇ ಬಿಟ್ಟು ಬರಬೇಕಂತೆ, ಒಳಗೆ ನಗುಮುಖವೇ ಇರಬೇಕಂತೆ.

ನಕ್ಕೆ. ಹಲ್ಲು ನೋವಿದ್ದಾಗಲೂ ನಕ್ಕೆ, ನಿದ್ದೆಗೆಟ್ಟು ಬಂದಾಗಲೂ ನಕ್ಕೆ. ಸಂಜೆಯ ಹೊತ್ತಿಗೆ ದವಡೆ ಹಿಡಿದುಕೊಳ್ಳುತ್ತದೆ. ಮನೆಗೆ ಬಂದರೂ ಆ ನಗು ಇಳಿಯುವುದಿಲ್ಲ.

ಮೊನ್ನೆ ಮೇಡಂ ಈ ವರ್ಷ ನಾನು ಮಾಡಿದ ಗೊಂಬೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಅಜ್ಜಿ, ಪೊಲೀಸ್, ಕರಡಿ, ಎಲ್ಲಕ್ಕೂ ಒಂದೇ ನಗು. ಗಾಜಿನ ಹಿಂದೆ ಕೂತು ನಾನು ನಗುವ ನಗು ಅಕ್ಕಾ, ಅಚ್ಚೊತ್ತಿದ ಹಾಗೆ. ನನಗೆ ಒಂದು ದಿನವೂ ಅದು ಕಂಡಿರಲಿಲ್ಲ. ನಿನ್ನ ತಲೆ ಖಾಲಿಯಾಯಿತೇ ಎಂದು ಕೇಳಿದರು. ಅದಕ್ಕೂ ನಕ್ಕೆ. ಸೋಮವಾರ ಹೊಸ ಮುಖ ತರದಿದ್ದರೆ ಹತ್ತಿ ತುಂಬುವ ಕಡೆ ಹಾಕುತ್ತಾರಂತೆ. ಅಲ್ಲಿ ಯಾರೂ ನೋಡುವುದಿಲ್ಲ, ಹಾಯಾಗಿರಬಹುದು ಎಂದು ಒಂದು ಗಳಿಗೆ ಆಸೆಯೂ ಆಯಿತು. ಆದರೆ ಮುಖ ಮಾಡುವುದೊಂದು ಬಿಟ್ಟರೆ ನನ್ನದು ಅಂತ ಬೇರೇನಿದೆ?

ಇವತ್ತು ಅಡುಗೆಮನೆಯ ಕಿಟಕಿಯ ಹತ್ತಿರ ಕೂತು ಹೊಲಿದೆ. ಕನ್ನಡಿ ಅಂಗಡಿಯಲ್ಲೇ, ಕೆಲಸದ ಮೇಜಿನ ಮೇಲೆ ಉಳಿದಿತ್ತು, ಕೈಗೆ ತೋಚಿದ ಹಾಗೆ ಸೂಜಿ ಆಡಿಸಿದೆ. ಕೆಳತುಟಿ ಮುಂದೆ ಬಂದ, ಹುಬ್ಬು ಸೋತುಹೋದ, ಇನ್ನೇನು ಅತ್ತೇಬಿಡುವ ಮುಖವೊಂದು ಬಂತು. ಇದನ್ನು ಯಾರು ಕೊಳ್ಳುತ್ತಾರೆ? ಬಿಚ್ಚಿ ಮತ್ತೆ ಅದೇ ನಗು ಹೊಲಿಯಬೇಕೇನೋ. ಸಾಕಾಗಿಹೋಗಿದೆ ಅಕ್ಕಾ.

ಇಂತಿ ನಿನ್ನ
ಗುಬ್ಬಿ

ಲಕೋಟೆ ಅಂಟಿಸುವ ಮೊದಲು:

ಅಮ್ಮ ಚೆನ್ನಾಗಿದ್ದಾಳೆ ಅಂದದ್ದು ಸುಳ್ಳು. ಅವಳು ನಿನ್ನನ್ನು ಕೇಳುವುದಿಲ್ಲ, ನನ್ನ ಗುರುತೂ ಹತ್ತುವುದಿಲ್ಲ. ತಿಂಗಳುಗಳೇ ಆದವು. ನನ್ನನ್ನು ಕಂಡರೆ, "ಈಯಮ್ಮ ಯಾಕೆ ಯಾವಾಗ್ಲೂ ನಗ್ತಾಳೆ?" ಎಂದು ಗೋಡೆಯ ಕಡೆ ತಿರುಗಿಬಿಡುತ್ತಾಳೆ. ಈಗ ತಾನೇ ಎದ್ದು ಬಂದು ಆ ಗೊಂಬೆಯನ್ನು ಎತ್ತಿಕೊಂಡಳು. ಅಂಗೈಯಿಂದ ಅದರ ಕೆನ್ನೆ ಒರೆಸಿ, "ಯಾಕೆ ಗುಬ್ಬೀ, ಯಾರು ಬೈದ್ರು ನಿಂಗೆ?" ಎಂದಳು.

ಈ ಹೊಲಿಗೆ ಬಿಚ್ಚುವುದಿಲ್ಲ. ಸೋಮವಾರ ಮೇಡಂ ಮುಂದೆ ಇದನ್ನೇ ಇಡುತ್ತೇನೆ, ಅಮ್ಮ ಕೈಯಿಂದ ಬಿಟ್ಟರೆ.