ಊಟ ಬಾಕಿ ಇರ್ಲಿ ರೀ

ಸದಾಶಿವ ಪೇಠ, ಪುಣೆ

ರೇಣು, ಅವ್ವನ ಆಶೀರ್ವಾದ.

ನಮ್ಮ ಪ್ರಧಾನಿಗಳ ಪ್ರವಾಸ ಮುಂದಕ್ಕೆ ಹೋದರೂ ನೀನು ರಾಯಭಾರ ಕಚೇರಿಯಲ್ಲಿರುವ ಆ ದೇಶದವರು ಬೇಸರ ಮಾಡಿಕೊಳ್ಳಲಿಲ್ಲ ಎಂದು ನಿನ್ನ ಪತ್ರದಲ್ಲಿ ಓದಿ ಹಿಗ್ಗಿದೆ. ಯಾರಾದರೂ ಊಟಕ್ಕೆ ಕರೆದಾಗ ಹೋಗಲಾಗದಿದ್ದರೆ, "ಬರೂದಿಲ್ಲ ಅನಬಾರದು, ನಿಮ್ಮ ಮನಿ ಊಟ ಬಾಕಿ ಇರ್ಲಿ ರೀ ಅನಬೇಕು" ಎಂದು ನಾನು ಕಲಿಸಿದ್ದನ್ನೇ ನೀನು ಅಲ್ಲಿನ ಮಂತ್ರಿಗೆ ಅವರ ಭಾಷೆಯಲ್ಲಿ ಹೇಳಿದೆಯಂತೆ. ಅವರೂ ನಕ್ಕು, "ಹಾಕಿದ ತಟ್ಟೆ ತೆಗೆಯುವುದಿಲ್ಲ, ಯಾವಾಗಲಾದರೂ ಬರಲಿ" ಎಂದರಂತೆ.

ಪಕ್ಕದ ಮನೆಯ, ನಮ್ಮ ಕಡೆಯವರೇ ಆದ ಸಾವಿತ್ರಿಬಾಯಿಗೆ ಇದನ್ನು ಓದಿ ಹೇಳಿದೆ; ಅವರು ಊಟಕ್ಕೆ ಕರೆದಾಗಲೂ ಎಷ್ಟೋ ಸಲ ಇದೇ ಮಾತು ಹೇಳಿದ್ದೇನಲ್ಲ. "ಅಂದ್ರ ಇಷ್ಟ ವರ್ಷ ನನ್ನ ಜೋಡಿನೂ ರಾಜಕಾರಣಾನ ಮಾಡೀರೇನ್ರಿ?" ಎಂದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಆದರೆ ಪತ್ರದ ಕೊನೆಗೆ, "ಈ ನಾಗರ ಪಂಚಮಿಗೆ ನಿನ್ನ ಕೈಯ ಉಂಡಿ ಬಾಕಿ ಇರಲಿ ಅವ್ವ" ಎಂದು ಬರೆದಿದ್ದೀಯ. ಆ ಮಾತು ದೇಶಗಳಿಗೆ ನಡೆಯುತ್ತದೆ, ನನಗಲ್ಲ. ಪ್ರಧಾನಿಗಳೇ ಈಗ ಬರುವುದಿಲ್ಲವೆಂದ ಮೇಲೆ ನಿನಗೆ ಅಲ್ಲೇನು ಕೆಲಸ? ರಜೆ ಕೇಳು. ಶೇಂಗಾ ಹುರಿದಿಟ್ಟಿದ್ದೇನೆ, ಬೆಲ್ಲವೂ ಬಂದಿದೆ. ನಿನ್ನ ಸಾಹೇಬರು ಕೊಡುವುದಿಲ್ಲ ಎಂದರೆ, "ನಿಮ್ಮ ಕೆಲಸ ಬಾಕಿ ಇರ್ಲಿ ರೀ" ಎಂದು ಹೇಳಿ ಬಾ.

ಉಂಡಿ ಕಟ್ಟುತ್ತ ಕಾಯುವ,
ಅವ್ವ ಅನುಸೂಯಾ