ಅಪ್ಪ ಬಿಟ್ಟ ಮಾತ್ರೆ

ಮಲ್ಕಾಜ್‌ಗಿರಿ, ಸೋಮವಾರ

ಮಠದ ಅಜ್ಜಾವರ ಪಾದಗಳಿಗೆ ಅಮೃತಪ್ಪನವರ ಮಗಳು ತಾರಾಳ ಶರಣು.

ಹೋದ ತಿಂಗಳು ನಾಚಾರಂ ಕಾರ್ಖಾನೆಯಲ್ಲಿ ಕುಸಿದುಬಿದ್ದ ಅಪ್ಪನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆ ಒಂದು ದಿನವೂ ತಪ್ಪಬಾರದು, ತಪ್ಪಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದಾರೆ. ನೀವು ಹೇಳಿದ ಒಂಬತ್ತು ದಿನದ ಉಪವಾಸ ಹಿಡಿದು ಅಪ್ಪ ನಿನ್ನೆಯಿಂದ ಮಾತ್ರೆಯನ್ನೂ ಬಿಟ್ಟಿದ್ದಾರೆ. ಕೊಡಲು ಹೋದರೆ, "ಅಜ್ಜಾರ ಮಾತಿನ ಮುಂದ ಡಾಕ್ಟರಂದು ಏನೈತಿ? ಸುಮ್ಮಕಿರವ್ವಾ" ಎನ್ನುತ್ತಾರೆ.

ನಿಮ್ಮೆದುರು ನಾನು ಎಂದೂ ತಲೆ ಎತ್ತಿದವಳಲ್ಲ. ಇವತ್ತೇ ಫೋನ್ ಮಾಡಿ, ಮಾತ್ರೆ ನುಂಗಲು ಅವರಿಗೆ ಹೇಳಿರಿ. ಹೇಳದಿದ್ದರೆ ನಾಳೆ ಬೆಳಿಗ್ಗೆ ಇಲ್ಲಿನ ಮಠದಲ್ಲಿ ನಿಮ್ಮ ಪಾದಪೂಜೆಯ ಸಾಲಿನಲ್ಲಿ ಅಪ್ಪನ ಕೈ ಹಿಡಿದು ಮೊದಲು ನಾನೇ ನಿಂತಿರುತ್ತೇನೆ. ನನ್ನ ತಟ್ಟೆಯಲ್ಲಿ ಹೂವು ಇರುವುದಿಲ್ಲ, ಮಾತ್ರೆ ಇರುತ್ತದೆ. ಎಲ್ಲರೆದುರು ಅದನ್ನು ನೀವೇ ಅಪ್ಪನ ಬಾಯಿಗೆ ಹಾಕಬೇಕು.

ಬೈಯುವುದಿದ್ದರೆ ನನ್ನನ್ನೇ ಬೈಯಿರಿ,
ತಾರಾ